ಕಣಿವೆಬಾಯಿಯ ಮೂರು ಮರ

ನಮ್ಮ ಪಾಪುವಾ ಬೆಟ್ಟಸೀಮೆಯಲ್ಲಿ ಮೋಡ ನೋಡುವವರು ಬೇಕಾದಷ್ಟಿದ್ದಾರೆ. ಕಂಡದ್ದನ್ನು ಕಂಡಂತೆ ರೇಡಿಯೋದಲ್ಲಿ ಹೇಳುವವರು ವಿರಳ. ಯಾಪಾಲಿಯ ಹುಲ್ಲುಪಟ್ಟಿಗೆ ಇಳಿಯುವ ಪುಟ್ಟ ವಿಮಾನಗಳಿಗೆ ಮೂವತ್ತೊಂದು ವರ್ಷ ಹವೆಯ ಸುದ್ದಿ ಹೇಳಿ, ಈ ತಿಂಗಳು ನಿವೃತ್ತರಾದ ಶ್ರೀ ಕೆಪಾಸ್ ಲೇಪ ಅವರು ಅಂಥ ವಿರಳರಲ್ಲೊಬ್ಬರು.

ಮೊದಲಿನಿಂದಲೂ ಹಾಗಿದ್ದರೆಂದು ಬರೆದರೆ ಅವರೇ ಒಪ್ಪಲಾರರು. ಸೇವೆಯ ಮೊದಲ ವರ್ಷ, ಕಾಫಿ ಮೂಟೆ ಹೊತ್ತು ತಂದ ಊರವರು ರೇಡಿಯೋ ಗುಡಿಸಲಿನ ಸುತ್ತ ನಿಂತು, "ಹವೆ ಚೆನ್ನಾಗಿದೆ ಅನ್ನೋ, ಇಲ್ದಿದ್ರೆ ಪೈಲಟ್ ಬರಲ್ಲ" ಎಂದು ದುಂಬಾಲು ಬಿದ್ದರು. ಪಟ್ಟಿಯ ಮೇಲೇನೋ ಬಿಸಿಲಿತ್ತು. ಕೆಪಾಸ್ ಹಾಗೆಯೇ ಹೇಳಿಬಿಟ್ಟರು. ಆದರೆ ವಿಮಾನ ನುಸುಳಿ ಬರಬೇಕಾದ ಕಣಿವೆಬಾಯಿಯಲ್ಲಿ ಮೋಡ ತುಂಬಿತ್ತು. ವಿಮಾನ ಬೆಟ್ಟಕ್ಕೆ ಬಡಿಯಿತು. ಎರಡೂ ಕಾಲು ಮುರಿದ ಪೈಲಟ್‌ನನ್ನು ಹೊತ್ತು ಇಳಿಸಿದವರಲ್ಲಿ ಕೆಪಾಸ್ ಅವರೂ ಒಬ್ಬರು. ಅಂದಿನಿಂದ ಕಣಿವೆಬಾಯಿಯ ಮೂರು ಒಂಟಿಮರಗಳೇ ಅವರ ಲೆಕ್ಕ: ಮೂರೂ ಕಂಡರೆ ಬನ್ನಿ, ಇಲ್ಲವಾದರೆ ಬೇಡ.

ಹತ್ತು ವರ್ಷದ ಹಿಂದೆ ಅವರ ಮಗಳು ದೋರ್ಕಾಸ್ ಎರಡು ದಿನ ಹೆರಿಗೆನೋವಿನಲ್ಲಿ ನರಳುತ್ತಿದ್ದಳು. ಹೆರಿಗೆಯವಳೊಬ್ಬಳನ್ನು ಆಸ್ಪತ್ರೆಗೆ ಒಯ್ಯಬೇಕೆಂದಷ್ಟೇ ತಿಳಿದು ಪೈಲಟ್ ಇಸಿಮೆಲ್ ಆಗಲೇ ಹಾರಿ ಹೊರಟಿದ್ದರು.

"ಎಷ್ಟು ಮರ, ಮಾವ?" ಕೆಪಾಸ್ ಅವರನ್ನು ಸಲುಗೆಯಿಂದ ಮಾವ ಎನ್ನುತ್ತಿದ್ದ ಇಸಿಮೆಲ್ ರೇಡಿಯೋದಲ್ಲಿ ಕೇಳಿದರು.

ಹೆಂಡತಿ ಲಕಾರಿ ಗಂಡನ ತೋಳು ಹಿಡಿದರು. "ಮೂರು ಅನ್ನಿ. ಈಗ ಅನ್ನದೆ ಇನ್ಯಾವಾಗ ಅಂತೀರಿ?"

ಕೆಪಾಸ್ ಬಾಗಿಲಿಗೆ ಹೋಗಿ ನೋಡಿದರು. ಒಂದು ಕಂಡಿತು. ಎರಡನೆಯದು ಕಂಡಂತಾಗಿ ಮರೆಯಾಯಿತು.

"ಒಂದೇ ಕಣಪ್ಪ. ವಾಪಸ್ ಹೋಗು."

"ಹೆರಿಗೆ ಯಾರದು, ಮಾವ?"

"ಯಾರದಾದ್ರೂ ಒಂದೇ ಮರ. ಹೋಗು ಅಂದ್ನಲ್ಲ!"

ಮಗಳೆಂದು ತಿಳಿದಿದ್ದರೆ ನುಗ್ಗಿಯೇಬಿಡುತ್ತಿದ್ದೆನೆಂದು ಇಸಿಮೆಲ್ ಇಂದಿಗೂ ಹೇಳುತ್ತಾರೆ. ಕೆಪಾಸ್ ಅವರಿಗಿದ್ದ ಭಯವೂ ಅದೇ. ಮರುದಿನ ಬೆಳಗ್ಗೆ ಮೂರೂ ಮರ ಕಂಡವು, ವಿಮಾನ ಬಂತು. ದೋರ್ಕಾಸ್ ಉಳಿದಳು, ಮಗು ಉಳಿಯಲಿಲ್ಲ. ಲಕಾರಿಯವರು ಬಹಳ ದಿನ ಸುಟ್ಟ ಗೆಣಸನ್ನು ಗಂಡನ ಮುಂದಿಟ್ಟು, ಮುಖ ತಿರುಗಿಸಿ ಎದ್ದುಹೋಗುತ್ತಿದ್ದರು. ಮಗಳು ಏನೆಂದುಕೊಂಡಳೋ, ಕೇಳುವ ಧೈರ್ಯ ಕೆಪಾಸ್ ಅವರಿಗೆ ಬರಲೇ ಇಲ್ಲ.

ಅವರ ಜಾಗಕ್ಕೆ ಈಗ ದೋರ್ಕಾಸ್ ತಾನೇ ಕೇಳಿಕೊಂಡು ಬಂದಿದ್ದಾಳೆ. ಮೊದಲ ದಿನ ಅಪ್ಪ ಹೊರಗೆ ಬೆಂಚಿನ ಮೇಲೆ ಕೈ ಹಿಸುಕಿಕೊಳ್ಳುತ್ತ ಕೂತಿದ್ದರು.

"ಏ ದೋರ್ಕಾಸ್, ನಿಮ್ಮಪ್ಪನ ಹಾಗೆ ಮರ ಎಣಿಸ್ತಾ ಕೂತ್ರೆ ನಮ್ಮ ಕಾಫಿ ಮೂಟೇಲೇ ಮೊಳಕೆ ಒಡೀತದೆ!" ಎಂದು ಯಾರೋ ಕೂಗಿದರು.

ಅವಳು ಬಾಗಿಲಿಗೆ ಬಂದು ನೋಡಿ, ಒಳಗೆ ಹೋದಳು.

"ಎರಡೇ ಮರ. ಬರಬೇಡಿ."

ಬೆಂಚಿನ ಮೇಲೆ ಕೆಪಾಸ್ ಮುಖ ಮುಚ್ಚಿಕೊಂಡರು. ಅವರು ನೂರ್ಕಾಲ ಬಾಳಲಿ. ಆ ಬೆಂಚು ಅವರಿಗೇ ಇರಲಿ, ದಿನವೂ ಮಗಳ ಜೊತೆ ಮರ ಎಣಿಸುತ್ತಿರಲಿ.