ಕಸದ ಬುಟ್ಟಿ ಕೇಳಿದ ಪ್ರಶ್ನೆ

ಅಳಿಸಿದ ಮೇಲೆ ಹುಡುಕುವುದು ನನ್ನ ಹಳೆಯ ಚಾಳಿ. ಹುಡುಕುವಾಗಲೆಲ್ಲ, ಅಳಿಸಿದವನು ನಾನಲ್ಲ ಎಂದು ಮಾತ್ರ ನನಗೆ ಖಚಿತವಾಗಿ ನೆನಪಿರುತ್ತದೆ.

ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದವನಿಗೆ ಈ ‘ಖಚಿತ’ ಶೋಭಿಸುವುದಿಲ್ಲ. ನ್ಯಾಯದರ್ಶನದ ನಮ್ಮ ನೈಯಾಯಿಕರು ನೆನಪನ್ನು ಪ್ರಮಾಣವೆಂದೇ, ಅಂದರೆ ಸರಿಯಾದ ಅರಿವಿನ ಸಾಧನವೆಂದೇ, ಒಪ್ಪಲಿಲ್ಲ. ಕಣ್ಣಾರೆ ಕಂಡದ್ದು ಸರಿ, ಕಂಡದ್ದರಿಂದ ಊಹಿಸಿದ್ದೂ ಸರಿ. ನೆನಪು ಮಾತ್ರ ಬಾಗಿಲ ಹೊರಗೆ. ಇದನ್ನೋದಿ ಪಾಸಾದ ನಾನು ದೇವರಿಂದ ಹಿಡಿದು ಹವಾಮಾನ ವರದಿಯವರೆಗೆ ಎಲ್ಲವನ್ನೂ ಅನುಮಾನಿಸುತ್ತ ಬಂದೆ. ನನ್ನ ನೆನಪಿನ ಸರದಿ ಬಂದದ್ದು ಈಚೆಗೆ.

ನಮ್ಮ ಮಲಾಡಿನ ಮನೆಯ ಮುದಿ ಲ್ಯಾಪ್‌ಟಾಪ್ ಏದುಸಿರು ಬಿಡತೊಡಗಿದಾಗ ಮಗಳು ಇರಾ ಅದರ ಹಳೆಯ ವ್ಯವಸ್ಥೆಯನ್ನು ತೆಗೆದು ಹಗುರವಾದೊಂದು ಲಿನಕ್ಸ್ ಹಾಕಿಕೊಟ್ಟಳು. ಮೂಲೆಯಲ್ಲಿ ಅದರ ಲಾಂಛನವಾದ ಇಲಿಯ ಚಿತ್ರ, ಪರದೆಯ ಮೇಲೊಂದು ಕಸದ ಬುಟ್ಟಿ. ಅಳಿಸಿದ್ದೆಲ್ಲ ಈ ಬುಟ್ಟಿಗೆ ಬಿದ್ದು, ಅದನ್ನು ಖಾಲಿ ಮಾಡುವವರೆಗೂ ಬದುಕಿರುತ್ತದೆ. ಶಿಫ್ಟ್ ಒತ್ತಿ ಡಿಲೀಟ್ ಒತ್ತಿದರೆ ಮಾತ್ರ ಬುಟ್ಟಿಯೂ ಇಲ್ಲ, ಕ್ರಿಯಾಕರ್ಮವೂ ಇಲ್ಲ. ಈ ಎರಡು ಬೆರಳಿನ ವಿದ್ಯೆ ಕಲಿತಾಗಿನಿಂದ ನನಗೆ ಸ್ವಚ್ಛತೆಯ ಹುಚ್ಚು.

ಕಳೆದ ಭಾನುವಾರ ಸಂಜೆ ಕನ್ನಡ ಸಂಘದ ವೇದಿಕೆಯಲ್ಲಿ ಇರಾ ಮೊದಲ ಬಾರಿ ಕನ್ನಡದಲ್ಲಿ ಮಾತನಾಡುವವಳಿದ್ದಳು. ತಾನೇ ಟೈಪ್ ಮಾಡಿದ ಭಾಷಣವನ್ನು ಒಮ್ಮೆ ನೋಡಿ ಎಂದು ನನಗೆ ಕೊಟ್ಟಿದ್ದಳು. ನೋಡುತ್ತ ನೋಡುತ್ತ ನಾನು ಹೊಸದನ್ನೇ ಬರೆದುಬಿಟ್ಟಿದ್ದೆ: ‘ಬಹುಭಾಷಿಕ ಮಹಾನಗರದಲ್ಲಿ ಕನ್ನಡದ ಅಸ್ಮಿತೆ’. ಬೆಳಿಗ್ಗೆ ಓದಲು ಕುಳಿತವಳು ಆ ಅಸ್ಮಿತೆಯನ್ನು ದಾಟಲೇ ಇಲ್ಲ.

“ಪಪ್ಪಾ, ಇದು ನಂದಲ್ಲ. ನನ್ನ ವಾಲಾ ಕೊಡಿ, ನಹೀ ತೋ ನಾನು ಸ್ಟೇಜ್ ಮೇಲೆ ಹೋಗೋದೇ ಇಲ್ಲ.”

“ಅಲ್ಲೇ ಇದೆ. ನಾನು ಅಳಿಸಿಲ್ಲ. ಚೆನ್ನಾಗಿ ನೆನಪಿದೆ.”

“ನಿಮ್ಮ ನೆನಪಾ?” ಅಡುಗೆಮನೆಯಿಂದ ಹೆಂಡತಿ. “ದಾದರಿಗೇಂತ ಹೊರಟು ಎದುರು ದಿಕ್ಕಿನ ಬೋರಿವಲಿಯಲ್ಲಿ ಇಳಿದವರು ನೀವು, ಮಾರಾಯ್ರೆ!”

ಹುಡುಕಿದರೆ ಅದು ಬುಟ್ಟಿಯಲ್ಲಿತ್ತು. ಸದ್ಯ, ಒಂದೇ ಬೆರಳು ಬಳಸಿದ್ದೆ. ವಾಪಸ್ ಕೊಡು ಎಂದು ಬುಟ್ಟಿಗೆ ಹೇಳಿದೆ. ಆದರೆ ಈ ಬುಟ್ಟಿಗೊಂದು ಶಿಸ್ತು: ಫೈಲು ಎಲ್ಲಿಂದ ಬಂದಿತ್ತೋ ಅಲ್ಲಿಗೇ ಒಯ್ದು ಬಿಡುತ್ತದೆ, ಆ ಜಾಗವೇ ಇಲ್ಲದಿದ್ದರೆ ಏನು ಮಾಡಲಿ ಎಂದು ಕೇಳುತ್ತದೆ. ಕೇಳಿತು: ‘ತಿದ್ದಬೇಕಾದವು’ ಎಂಬ ಫೋಲ್ಡರ್ ಈಗ ಇಲ್ಲ. ಮತ್ತೆ ಮಾಡಲೇ?

ಅಂಥದ್ದೊಂದು ಫೋಲ್ಡರ್ ಮಾಡಿದ ನೆನಪು ನನಗಿಲ್ಲ. ಆದರೆ ಮನೆಯಲ್ಲಿ ಫೋಲ್ಡರುಗಳಿಗೆ ಕನ್ನಡದಲ್ಲಿ ಹೆಸರಿಡುವವನು ನಾನೊಬ್ಬನೇ. ಊಹೆ ಪ್ರಮಾಣವಲ್ಲವೇ? ಮಗಳ ಮಾತನ್ನು ಅದರಲ್ಲಿಟ್ಟು, ತಿದ್ದಿ, ಮೂಲವನ್ನು ಬುಟ್ಟಿಗೆಸೆದು, ಖಾಲಿಯಾದ ಫೋಲ್ಡರನ್ನು ಎರಡು ಬೆರಳಿನಿಂದ ಮುಗಿಸಿದವನೂ ನಾನೇ ಇರಬೇಕು.

“ಯಸ್ ಒತ್ತಿ ನಾ, ಪಪ್ಪಾ!”

ಒತ್ತಿದೆ. ಸಂಜೆ ಇರಾ ಮೈಕಿನ ಮುಂದೆ ನಿಂತು ತನ್ನದನ್ನೇ ಹೇಳಿದಳು.

“ಲೋಕಲ್ ಟ್ರೇನಲ್ಲಿ ಒಂದು ಸೀಟ್ ಮೂರು ಜನಕ್ಕೆ. ನನ್ನ ತಲೆಯಲ್ಲೂ ಹಾಗೇ. ಹಿಂದಿ, ಮರಾಠಿ, ಇಂಗ್ಲಿಷ್ ಆರಾಮಾಗಿ ಕೂತಿದ್ದಾವೆ. ಕನ್ನಡ ಲೇಟಾಗಿ ಹತ್ತುತ್ತೆ. ಥೋಡಾ ಸರ್ಕೋ, ಸ್ವಲ್ಪ ಸರೀರಿ ಅಂತ ಹೇಳಿ ಫೋರ್ತ್ ಸೀಟಲ್ಲಿ ಅರ್ಧ ಕೂತ್ಕೊಳ್ಳುತ್ತೆ. ಆದ್ರೆ ಇಳಿಯೋದಿಲ್ಲ.”

ದಿನಾ ಹಾಗೆಯೇ ಅರ್ಧ ಕುಳಿತು ಬರುವ ಸಭೆ ಜೋರಾಗಿ ನಕ್ಕಿತು. ಆಮೇಲೆ ನಿಲ್ಲದ ಚಪ್ಪಾಳೆ. ಪಕ್ಕದಲ್ಲಿದ್ದ ಸಂಘದ ಅಧ್ಯಕ್ಷರು ನನ್ನ ಕೈ ಕುಲುಕಿ, “ನೀವೇ ಬರೆದುಕೊಟ್ಟದ್ದಲ್ಲವಾ?” ಎಂದರು. ಒಂದು ಪದವೂ ನನ್ನದಲ್ಲ ಎಂದೆ. ವಿನಯವೆಂದುಕೊಂಡರು.

‘ತಿದ್ದಬೇಕಾದವು’ ಫೋಲ್ಡರನ್ನು ನಾನು ಮತ್ತೆ ಅಳಿಸಲಿಲ್ಲ. ಇರಾಳ ಭಾಷಣವನ್ನು ಹೊರಗೆ ತೆಗೆದು, ನನ್ನ ಅಸ್ಮಿತೆಯನ್ನು ಅದರೊಳಗೆ ಇಟ್ಟಿದ್ದೇನೆ. ಹಾಗೆಂದು ನನ್ನ ನೆನಪು.