ಗಂಗುಲಪ್ಪನ ಮೊದಲ ಪ್ಯಾರಾ

ಗೌರಿಬಿದನೂರಿನ ತಾಲ್ಲೂಕು ಕಚೇರಿಯ ಹೊಂಗೆಮರದಡಿ ಮೂವತ್ತೊಂದು ವರ್ಷದಿಂದ ಅರ್ಜಿ ಬರೆಯುತ್ತಿದ್ದ ಗಂಗುಲಪ್ಪನಿಗೆ ಸೋಲೆಂಬುದೇ ಗೊತ್ತಿರಲಿಲ್ಲ. ಕಾಲು ಕುಂಟುವ ಪ್ಲಾಸ್ಟಿಕ್ ಕುರ್ಚಿಯೇ ಅವನ ಸಿಂಹಾಸನ, ನೀಲಿ ಪೆನ್ನೇ ಖಡ್ಗ. ಅದರ ಹೊಡೆತಕ್ಕೆ ವಿಧವಾ ವೇತನಗಳು ಮಂಜೂರಾಗಿದ್ದವು, ಸತ್ತ ರೇಷನ್ ಕಾರ್ಡುಗಳು ಎದ್ದು ಕೂತಿದ್ದವು, ಒಬ್ಬ ಸರ್ವೇಯರ್ ಗಂಟುಮೂಟೆ ಕಟ್ಟಿದ್ದ.

ಇಂಥ ವೀರನ ಮುಂದೆ ಅಲೀಪುರದ ಬಸ್ಸಿಳಿದು ಹುಮಾ ಬಂದು ನಿಂತಳು. ದೇಶ ಅಫ್ಘಾನಿಸ್ತಾನ, ಜನಾಂಗ ಹಜಾರಾ. ಅಲ್ಲಿ ಮುಖ ನೋಡಿಯೇ ಹಜಾರಾಗಳನ್ನು ಬಸ್ಸಿನಿಂದ ಇಳಿಸುತ್ತಿದ್ದರು. ಹಾಗೆ ಇಳಿದ ಅವಳ ಗಂಡ ಮತ್ತೆ ಹತ್ತಲಿಲ್ಲ. ನಾಲ್ಕು ವರ್ಷದಿಂದ ಪುಟ್ಟ ಮಗಳೊಂದಿಗೆ ಅಲೀಪುರದಲ್ಲಿ ಹರಳು ಉಜ್ಜಿ ಬದುಕಿದ್ದಳು. ವೀಸಾ ಮುಗಿದಿತ್ತು, ಯಾವತ್ತು ವಾಪಸು ಅಟ್ಟುತ್ತಾರೋ ಎಂಬ ಭಯ. ನಿರಾಶ್ರಿತರನ್ನು ಕೆನಡಾಕ್ಕೆ ಕಳಿಸುವ ಕಚೇರಿಯೊಂದು, ಯಾವ ಭಾಷೆಯಲ್ಲಾದರೂ ಸರಿ, ಹೇಳಿಕೆ ಬರೆಸಿ ಕಳಿಸೆಂದಿತ್ತು. ಹುಮಾಗೆ ಯಾವ ಭಾಷೆಯ ಅಕ್ಷರವೂ ಬರುತ್ತಿರಲಿಲ್ಲ.

"ಜನಾಂಗದ ಕಾರಣಕ್ಕೇ ಹಿಂಸೆ ಅಂತ ಬರೀಬೇಕಂತೆ ಅಣ್ಣ. ಆಗ್ಲೇ ಕಳಿಸ್ತಾರಂತೆ."

"ಬರೀತೀನಮ್ಮ. ಕೆನಡಾ ತಹಸೀಲ್ದಾರ್ರು ಕಣ್ಣೊರೆಸ್ಕೊಂಡು ಸೀಲ್ ಹೊಡೀಬೇಕು, ಹಂಗೆ!"

"ಜಾತಿ ಸರ್ಟಿಫಿಕೇಟ್ ಬೇಡ್ವೇನಯ್ಯಾ?" ಎಂದು ಝೆರಾಕ್ಸ್ ಅಂಗಡಿಯ ನಲ್ಲಪ್ಪ ಛೇಡಿಸಿದ.

"ಸುಮ್ನಿರಯ್ಯಾ, ಯುದ್ಧ ನಡೀತೈತೆ ಇಲ್ಲಿ."

ನಾಲ್ಕು ಪುಟದ ಯುದ್ಧ. ರಸ್ತೆಯಲ್ಲಿ ಸಿಕ್ಕ ಗಂಡನ ಒಂಟಿ ಚಪ್ಪಲಿಯ ಮಾತು ಬಂದಾಗ ವೀರನು ಖಡ್ಗ ಕೆಳಗಿಟ್ಟು, ಬೇಡದಿದ್ದರೂ ಟೀ ತರಿಸಿಕೊಂಡ. ಮುಗಿಸಿ, ಎರಡನೇ ಪ್ಯಾರಾದಿಂದ ಓದಿ ಹೇಳಿದ.

"ಮೊದಲ್ನೇದು?"

"ಅದು ಎಲ್ಲಾ ಅರ್ಜೀಗೂ ಇರೋದೇ ಕಣಮ್ಮ. ಯಾವ ಆಫೀಸ್ನೋರೂ ಓದಲ್ಲ."

ಅವನ ಅನುಭವದಲ್ಲಿ ಅದು ಅಪ್ಪಟ ಸತ್ಯ. ಹುಮಾ ಹೆಬ್ಬೆಟ್ಟು ಒತ್ತಿದಳು.

ಹನ್ನೊಂದು ತಿಂಗಳಿಗೆ ಉತ್ತರ ಬಂತು. ಹರಳು ಕಾರ್ಖಾನೆಯ ಮಾಲೀಕ ನವೀದ್ ಹುಮಾಳ ಜೊತೆಗೆ ಬಂದು, ಮರದಡಿ ನಿಂತು ಅದನ್ನು ಕನ್ನಡದಲ್ಲಿ ಹೇಳಿದ: ಹಿಂಸೆ ನಡೆದದ್ದನ್ನು ನಂಬಿದ್ದಾರೆ. ಆದರೆ ಮೊದಲ ಪ್ಯಾರಾದಲ್ಲಿ ಅರ್ಜಿದಾರಳೇ ತಾನು ಅಲೀಪುರದ ಖಾಯಂ ವಾಸಿ ಎಂದಿದ್ದಾಳೆ. ನೆಲೆ ಸಿಕ್ಕಿದವರಿಗೆ ಬೇರೆ ದೇಶ ಕೊಡುವುದಿಲ್ಲ. ಈ ತೀರ್ಮಾನವೇ ಕೊನೆ.



ಗಂಗುಲಪ್ಪ ತಟ್ಟನೆ ಎದ್ದ. "ಹಂಗಾದ್ರೆ ಇಲ್ಲೇ ಖಾಯಂ ಮಾಡಿಸ್ತೀನಿ!" ಎಂದು ವಾಸದ ಸರ್ಟಿಫಿಕೇಟಿಗೆ ಅರ್ಜಿ ಗೀಚಿ, ಪತ್ರವನ್ನೇ ಸಾಕ್ಷಿಯಾಗಿ ಹಿಡಿದು ಕೌಂಟರಿಗೆ ನುಗ್ಗಿದ. ಯುದ್ಧ ಎರಡು ನಿಮಿಷ ನಡೆಯಿತು.

"ವೀಸಾನೇ ಇಲ್ದಿರೋ ಫಾರಿನ್ನೋರು ಖಾಯಂ ವಾಸಿ ಹೆಂಗಾಗ್ತಾರೆ ಗಂಗುಲಪ್ಪ? ಯಾರ್ ಹೇಳಿದ್ದು ನಿಂಗೆ?" ಎಂದ ಗುಮಾಸ್ತ.

ಅವನು ಪತ್ರವನ್ನೂ ಅರ್ಜಿಯನ್ನೂ ಮಡಚಿಕೊಂಡ. ಮರದಡಿ ಬಂದು ಕೂತ. ಕುರ್ಚಿ ಕುಂಟಿತು.

"ಅಣ್ಣ, ಆ ಮೊದಲ್ನೇದು ಈಗಾದ್ರೂ ಓದಿ."

ಇಷ್ಟು ವರ್ಷಗಳಲ್ಲಿ ಮೊದಲ ಸಲ ಗಂಗುಲಪ್ಪ ಅದನ್ನು ಹೇಳಿಕೆಯ ನಕಲಿನಿಂದ ಬಾಯಿಬಿಟ್ಟು ಓದಿದ: "ನಾನು ಸದರಿ ಗ್ರಾಮದ ಖಾಯಂ ವಾಸಿಯಾಗಿದ್ದು, ಗ್ರಾಮಸ್ಥರೊಂದಿಗೆ ಅನ್ಯೋನ್ಯವಾಗಿ, ಯಾವ ತಂಟೆ ತಕರಾರೂ ಇಲ್ಲದೆ, ಸುಖವಾಗಿ ಜೀವನ ನಡೆಸಿಕೊಂಡು ಬರುತ್ತಿದ್ದೇನೆ."

ಹುಮಾ ತಲೆ ಬಗ್ಗಿಸಿ ಕೊನೆಯವರೆಗೂ ಕೇಳಿದಳು.

"ಚೆನ್ನಾಗೈತೆ ಅಣ್ಣ," ಎಂದಳು. "ಯಾರ ಕಥೆ ಇದು?"