ಸೋಮವಾರ ಹೂಡಿದ ಎತ್ತು

ಸಪ್ತಾಪುರದ ನಮ್ಮ ಮನೆಗೆ ಕರೆಗಂಟೆ ಇಲ್ಲ ನೋಡ್ರಿ. ಬಾಗಿಲಿಗೆ ಎತ್ತಿನ ಕೊರಳಗಂಟೆಯೊಂದನ್ನು ತೂಗುಹಾಕಿದ್ದೇನೆ. ಬಂದವರು ಬಾರಿಸುತ್ತಾರೆ, ಭಾಳ ಛಲೋ ಅದ ಎನ್ನುತ್ತಾರೆ. ನಾನೂ ಹಿಗ್ಗುತ್ತೇನೆ, ಸುಳ್ಳೇಕೆ ಹೇಳಲಿ. ಮೊನ್ನೆ ಬಾರಿಸಿದವರು ವೋಟು ಕೇಳಲು ಬಂದ ಗೃಹಸ್ಥರು. ಮೂಲ ಗಬ್ಬೂರಿನವರಂತೆ. ಈ ಗಂಟೆಯೂ ನಿಮ್ಮೂರಿನದೇ, ನಮ್ಮ ಕಾಕಾನದು ಎಂದು ಅವನ ಹೆಸರು ಹೇಳಿದೆ.

ಗಬ್ಬೂರು ನಮ್ಮ ಕಾಕಾನ ಊರು. ಎರೆಹೊಲದಲ್ಲಿ ಜೋಳ, ಹತ್ತಿ ಬೆಳೆದುಕೊಂಡಿದ್ದವನನ್ನು ಜನರೇ ಗಂಟುಬಿದ್ದು ಲೋಕಲ್ ಬೋರ್ಡಿಗೆ ಆರಿಸಿ ಕಳಿಸಿದ್ದರು. ಸಭೆಗೆ ಹೋದಾಗಲೂ ಧೋತರದ ಅಂಚಿಗೆ ಮಣ್ಣು. ಇಂಗ್ಲಿಷಿನ ಠರಾವು ಓದಿದರೆ, ಇದರೊಳಗೆ ನಮ್ಮ ಬಾವಿ ಎಲ್ಲಿದೆ ತೋರಿಸಿರಿ ಎನ್ನುತ್ತಿದ್ದನಂತೆ. ಎರಡು ಸಲ ಆರಿಸಿ ಬಂದ. ಬಾವಿ ಆದವು, ಹುಡುಗರಿಗೆ ಸಾಲಿಯೂ ಆಯಿತು.

ಮೂರನೆಯ ಸಲ ನಾನು ಹೊಸ ವಕೀಲ, ತಲೆಗೆ ಕೋಡು ಮೂಡಿತ್ತು. ಚುನಾವಣೆಯ ಕೆಲಸವೆಲ್ಲ ನನ್ನ ಕೈಯಲ್ಲಿ. ಎದುರಾಳಿ ತನ್ನ ಕಡೆಯವರನ್ನು ಒಯ್ಯಲು ಮೋಟಾರು ಗೊತ್ತು ಮಾಡಿದ್ದ. ವೋಟು ಹಾಕುವುದು ಹುಬ್ಬಳ್ಳಿಯಲ್ಲಿ, ಅದೂ ಸೋಮವಾರ. ಸೋಮವಾರ ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಮೈ ತೊಳೆದು, ಮೇವು ಹಾಕಿ, ಬಸವಣ್ಣನೆಂದು ಕೈಮುಗಿದು ಬಿಡುತ್ತಾರೆ. ನಡೆಯಲಾರದವರು ಬರದಿದ್ದರೂ ಸೈ, ಬಂಡಿ ಹೂಡಬೇಡ ಎಂದು ಕಾಕಾ ಹೇಳಿದ. ನಾನು ಹೂಂ ಎಂದೆ.

ಅವನು ಹುಬ್ಬಳ್ಳಿಗೆ ಮುಂದೆ ನಡೆದದ್ದೇ ತಡ, ಅವನದೇ ಜೋಡೆತ್ತು ಹೂಡಿಸಿದೆ. ಮುದುಕರು ಹತ್ತಲು ಒಲ್ಲೆ ಎಂದರು. ಕಾಕಾನೇ ಹೇಳಿದ್ದಾನೆ ಎಂದುಬಿಟ್ಟೆ. ಗಂಟೆ ಬಾರಿಸುತ್ತ ಬಂಡಿ ಹೊರಟಿತು. ದಾರಿಯಲ್ಲಿ ನಡೆದು ಹೋಗುತ್ತಿದ್ದ ನಮ್ಮವರೆಲ್ಲ ತಿರುಗಿ ನೋಡಿದರು. ಎಷ್ಟೋ ಮಂದಿ ಅಲ್ಲಿಂದಲೇ ಮನೆಯ ದಾರಿ ಹಿಡಿದರು. ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕಲಿ.

ಹುಬ್ಬಳ್ಳಿಯಲ್ಲಿ ಊರ ಹಿರಿಯರೊಬ್ಬರು ಕಾಕಾನನ್ನು ಕೇಳಿದರು, ಇವನ್ನು ಹೂಡಿದವರು ಯಾರೆಂದು. ಕಾಕಾ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

"ಎತ್ತು ನನ್ನವು, ತಪ್ಪೂ ನಂದ ರೀ," ಎಂದ.

ತಾನೇ ನೊಗ ಇಳಿಸಿ, ಎತ್ತುಗಳ ಹೆಗಲು ತಿಕ್ಕಿ, ಹಗ್ಗ ಹಿಡಿದು ಊರಿಗೆ ನಡೆದೇ ಹೋದ. ಮರುದಿನ ಬೈಯುತ್ತಾನೆಂದು ಹೆದರಿ ಕೂತಿದ್ದೆ. ಬೈದಿದ್ದರೆ ಛಲೋ ಇತ್ತು. ಬಾರಕೋಲು ನನ್ನ ಕೈಗಿಟ್ಟು, "ಇವತ್ತ ಮಂಗಳವಾರ. ಇವತ್ತ ಹೂಡಪಾ," ಎಂದ. ಸೋತ ಸುದ್ದಿ ಆಮೇಲೆ ಬಂತು. ಮತ್ತೆಂದೂ ಅವನು ಚುನಾವಣೆಗೆ ನಿಲ್ಲಲಿಲ್ಲ. ಅವನು ಹೋದ ಮೇಲೆ ನನ್ನ ಪಾಲಿಗೆ ಉಳಿದದ್ದು ಆ ಜೋಡೆತ್ತಿನ ಈ ಗಂಟೆ.

ಮೊನ್ನೆಯ ಗೃಹಸ್ಥರು ಅದನ್ನು ಮುಟ್ಟಿ ನೋಡುತ್ತ ತಮ್ಮ ಅಜ್ಜನ ಮಾತು ನೆನೆಸಿದರು. ನಿಮ್ಮ ಕಾಕಾ ಬಾವಿ ತೋಡಿಸಿದ ಪುಣ್ಯವಂತ, ಆದರೆ ಕುರ್ಚಿಯ ಆಸೆಗೆ ಸೋಮವಾರ ಎತ್ತು ಹೂಡಿದನಂತೆ ಎಂದು ನಕ್ಕರು. ನಲವತ್ತು ವರ್ಷ ಆ ಊರಲ್ಲಿ ಈ ಮಾತು ಓಡಾಡಿದೆ. ನಾನಿಲ್ಲಿ ಗಂಟೆ ತೂಗುಹಾಕಿಕೊಂಡು ಹೊಗಳಿಸಿಕೊಳ್ಳುತ್ತ ಕೂತಿದ್ದೇನೆ.

"ಹೂಡಿಸಿದಾಂವ ನಾನ ರೀ," ಎಂದೆ. "ಅಂವ ಬ್ಯಾಡ ಅಂದಿದ್ದ."

ಗೃಹಸ್ಥರು ಪೆಚ್ಚಾದರು. ವೋಟಿನ ದಿನ ಕಾರು ಕಳಿಸುತ್ತೇವೆ ಎಂದಷ್ಟೇ ಹೇಳಿ ಹೊರಟರು. ನಾನು ಗಂಟೆ ಬಿಚ್ಚಿ ಚೀಲದಲ್ಲಿಟ್ಟೆ. ಇದೇ ಮಾತು ಹೇಳಲು ಬರುವ ಸೋಮವಾರ ಗಬ್ಬೂರಿಗೆ ಹೋಗುವವನಿದ್ದೇನೆ. ಅಂದು ಎತ್ತುಗಳು ಹೊಲಕ್ಕೆ ಹೋಗಿರುವುದಿಲ್ಲ, ಜನರೂ ಮನೆಯಲ್ಲೇ ಸಿಗುತ್ತಾರೆ.